ಪೆಟ್ಟಿಗೆಯಲ್ಲಿ ಬರುವ ಹೆಲಿಕಾಪ್ಟರ್

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಹೆಲಿಕಾಪ್ಟರ್ ಕಟ್ಟಿ, ಕಾನೂನು ಒಪ್ಪುವಂತೆ ಅದನ್ನು ಹಾರಿಸಬಹುದು. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಬಿ.ಜೆ. ಶ್ರಾಮ್ ಎಂಬ ವಿನ್ಯಾಸಕಾರ 1960ರ ದಶಕದಲ್ಲೇ ಅರಿಜೋನಾದಲ್ಲಿ ರೋಟರ್‌ವೇ ಎಂಬ ಕಂಪನಿ ತೆರೆದು, ಒಬ್ಬರೇ ಕೂರುವ 'ಸ್ಕಾರ್ಪಿಯನ್' ಹೆಲಿಕಾಪ್ಟರಿನ ನಕ್ಷೆ ಮತ್ತು ಬಿಡಿಭಾಗಗಳನ್ನು ಮಾರಲು ಹೊರಟ. ಅದಕ್ಕೆ ಅವನು ಮೊದಲು ಬಳಸಿದ್ದು ದೋಣಿಗೆ ಹಾಕುವ ಎವಿನ್ರೂಡ್ ಎಂಜಿನ್. ಆಮೇಲೆ ತನ್ನದೇ ನಾಲ್ಕು ಸಿಲಿಂಡರಿನ ಎಂಜಿನ್ ಮಾಡಿಕೊಂಡ. 1980ರ ಹೊತ್ತಿಗೆ ಇಬ್ಬರು ಕೂರುವ 'ಎಕ್ಸೆಕ್' ಬಂತು. ಮುಂದೆ ಬಂದ ಎಕ್ಸೆಕ್ 162ಎಫ್ ಮಾದರಿಯೇ ಲೋಕದ ನಾನಾ ದೇಶಗಳ ಷೆಡ್ಡುಗಳಲ್ಲಿ ಜನ ಕೈಯಾರೆ ಜೋಡಿಸಿದ ಹೆಲಿಕಾಪ್ಟರ್.

ಅಂಥದ್ದೊಂದನ್ನು ಕಟ್ಟಲೇ ಎಂದು ಯೋಚಿಸುವವರು ಸಾಮಾನ್ಯವಾಗಿ ಎರಡು ಲೆಕ್ಕ ಹಾಕುತ್ತಾರೆ: ದುಡ್ಡು ಎಷ್ಟು, ಜೋಡಿಸಲು ಎಷ್ಟು ದಿನ. ಇವೆರಡೂ ಬೇಕಾದ ಲೆಕ್ಕಗಳೇ. ಆದರೆ ಈ ಹವ್ಯಾಸದಲ್ಲಿ ಜೀವ ಉಳಿಸುವ ಲೆಕ್ಕ ಮೂರನೆಯದು. ಕಟ್ಟುವವನು ಹಾರುವುದನ್ನು ಯಾವಾಗ, ಯಾರ ಹತ್ತಿರ, ಎಷ್ಟು ಕಲಿಯುತ್ತಾನೆ ಎನ್ನುವುದು. ಕಿಟ್‌ನ ಬೆಲೆಪಟ್ಟಿಯಲ್ಲಿ ಅದು ಇರುವುದಿಲ್ಲವಾದ್ದರಿಂದ ಬಹಳ ಜನ ಅದನ್ನು ಕೊನೆಗೆ ತಳ್ಳುತ್ತಾರೆ.

ಮೊದಲು ಕಾನೂನಿನ ಮಾತು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಇಂಥ ಯಂತ್ರಗಳನ್ನು 'ಎಕ್ಸ್‌ಪರಿಮೆಂಟಲ್' ವರ್ಗದಲ್ಲಿ ಇಟ್ಟಿದೆ. ಅದರ ಷರತ್ತು ಸರಳ: ಯಂತ್ರದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಮಾಡಿರಬೇಕು, ಅದೂ ತನ್ನ ಕಲಿಕೆಗೆ ಅಥವಾ ಸಂತೋಷಕ್ಕೆ. ಇದಕ್ಕೇ ಜನ 51 ಪರ್ಸೆಂಟ್ ರೂಲ್ ಎನ್ನುವುದು. ಹಾಗಾಗಿ ಕಂಪನಿ ಕಳಿಸುವ ಪೆಟ್ಟಿಗೆಯಲ್ಲಿ ಬೆಸುಗೆ ಹಾಕಿದ ಚೌಕಟ್ಟು, ಎಂಜಿನ್, ಗೇರು, ಬ್ಲೇಡುಗಳಿಗೆ ಬೇಕಾದ ಭಾಗಗಳು ಇದ್ದರೂ ಕೊರೆಯುವುದು, ಕೂರಿಸುವುದು, ವೈರಿಂಗ್, ಕ್ಯಾಬಿನ್, ಬಣ್ಣ, ಹೊಂದಾಣಿಕೆ ಎಲ್ಲ ಕೊಂಡವನ ತಲೆಯ ಮೇಲೇ. ಪ್ರತಿ ಹಂತದ ಫೋಟೋ ತೆಗೆದು, ಪುಸ್ತಕದಲ್ಲಿ ಬರೆದಿಡಬೇಕು. ಇಲಾಖೆಯ ಪರಿವೀಕ್ಷಕ ಬಂದಾಗ ನೋಡುವುದು ಆ ದಾಖಲೆಯನ್ನೂ ಹೌದು. ತಾನೇ ಕಟ್ಟಿದ್ದೆಂದು ತೋರಿಸಿಕೊಟ್ಟವನಿಗೆ ಆ ಒಂದು ಯಂತ್ರದ ವಾರ್ಷಿಕ ತಪಾಸಣೆ ತಾನೇ ಮಾಡುವ ಪ್ರಮಾಣಪತ್ರವೂ ಸಿಗುತ್ತದೆ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹಾರಿಸುವಂತಿಲ್ಲ.

ಕಟ್ಟುವ ಕೆಲಸ ಕಷ್ಟವೇ? ತಾಳ್ಮೆ ಬೇಕು, ಅಳತೆಯಲ್ಲಿ ಶಿಸ್ತು ಬೇಕು. ಲೇಥ್ ಮುಂದೆ ನಿಂತು ಅಭ್ಯಾಸವಿದ್ದವನಿಗೆ, ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಕಟ್ಟಿದವನಿಗೆ ಇದರ ಒಂದೊಂದು ಕೆಲಸವೂ ಬಿಡಿಯಾಗಿ ನೋಡಿದರೆ ಕೈಮೀರಿದ್ದಲ್ಲ. ಕಂಪನಿಗಳು ಕೆಲವು ನೂರು ಗಂಟೆ ಎಂದು ಹೇಳುತ್ತವೆ. ಸಂಜೆ ಕೆಲಸ ಮುಗಿಸಿ ಬಂದು ಷೆಡ್ಡಿಗೆ ಹೋಗುವವರಿಗೆ ಅದು ವರ್ಷಗಟ್ಟಲೆ ಎಳೆಯುತ್ತದೆ.

ಕಷ್ಟ ಇರುವುದು ಯಂತ್ರದ ಸ್ವಭಾವದಲ್ಲಿ.

ಎಕ್ಸೆಕ್ 162ಎಫ್ ಅನ್ನೇ ತೆಗೆದುಕೊಳ್ಳೋಣ. ಅದರ ಮುಖ್ಯ ರೋಟರಿನ ವ್ಯಾಸ ಸುಮಾರು 7.6 ಮೀಟರ್, ಎರಡು ಬ್ಲೇಡು, ನಿಮಿಷಕ್ಕೆ ಸುಮಾರು 520 ಸುತ್ತು. ಅಂದರೆ ಬ್ಲೇಡಿನ ತುದಿ ಗಂಟೆಗೆ 740 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಆ ವೇಗದಲ್ಲಿ ಒಂದೊಂದು ಬ್ಲೇಡೂ ತನ್ನ ಬುಡವನ್ನು ಟನ್ನುಗಟ್ಟಲೆ ಬಲದಿಂದ ಹೊರಕ್ಕೆ ಎಳೆಯುತ್ತದೆ. ಎಳೆತವೊಂದೇ ಆಗಿದ್ದರೆ ಗಟ್ಟಿ ಉಕ್ಕು ಹಾಕಿ ಸುಮ್ಮನಾಗಬಹುದಿತ್ತು. ಹೆಲಿಕಾಪ್ಟರ್ ಮುಂದೆ ಸಾಗುವಾಗ ಒಂದು ಬದಿಯಲ್ಲಿ ಬ್ಲೇಡು ಗಾಳಿಗೆ ಎದುರಾಗಿ ಬರುತ್ತದೆ, ಇನ್ನೊಂದು ಬದಿಯಲ್ಲಿ ಗಾಳಿಯ ಜೊತೆಗೇ ಹಿಂದೆ ಸರಿಯುತ್ತದೆ. ಒಂದು ಕಡೆ ಎತ್ತುವ ಬಲ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಇದನ್ನು ಸರಿದೂಗಿಸಲು ಬ್ಲೇಡು ಪ್ರತಿ ಸುತ್ತಿನಲ್ಲೂ ಒಮ್ಮೆ ಮೇಲೆದ್ದು ಒಮ್ಮೆ ಕೆಳಗಿಳಿಯಬೇಕು. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಬ್ಲೇಡಿನ ಬುಡಕ್ಕೆ ಕೀಲು ಕೊಟ್ಟು ಈ ಸಮಸ್ಯೆ ಬಿಡಿಸಿ 1923ರಲ್ಲಿ ಆಟೋಜೈರೊ ಎಂಬ ತನ್ನ ರೋಟರ್ ಯಂತ್ರ ಹಾರಿಸಿದ. ಇವತ್ತಿನ ಹೆಲಿಕಾಪ್ಟರುಗಳೆಲ್ಲ ಆ ತಿಳಿವಳಿಕೆಯ ಋಣದಲ್ಲಿವೆ.

ಈಗ ಲೆಕ್ಕ ಮಾಡಿ. ನಿಮಿಷಕ್ಕೆ 520 ಸುತ್ತು ಎಂದರೆ ಗಂಟೆಗೆ 31,200. ಪ್ರತಿ ಸುತ್ತಿಗೂ ಬ್ಲೇಡಿನ ಬುಡ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗುತ್ತದೆ. 500 ಗಂಟೆ ಹಾರಿದರೆ ಆ ಬಾಗಾಟ ಒಂದೂವರೆ ಕೋಟಿ ದಾಟುತ್ತದೆ. ಲೋಹ ಹೀಗೆ ಬಾಗಿ ಬಾಗಿ ದಣಿಯುತ್ತದೆ. ಅಲ್ಯೂಮಿನಿಯಂ ಅಂತೂ ಇಷ್ಟು ಕಡಿಮೆ ಬಲವಾದರೆ ಎಂದೆಂದೂ ಮುರಿಯುವುದಿಲ್ಲ ಎಂಬ ಭರವಸೆಯನ್ನೇ ಕೊಡದ ಲೋಹ. ಅದಕ್ಕೇ ಹೆಲಿಕಾಪ್ಟರಿನ ಭಾಗಗಳಿಗೆ ಇಂತಿಷ್ಟು ಗಂಟೆ ಎಂದು ಆಯಸ್ಸು ಬರೆದಿರುತ್ತಾರೆ. ಕಣ್ಣಿಗೆ ಹೊಸದಾಗಿ ಹೊಳೆಯುತ್ತಿದ್ದರೂ ಗಂಟೆ ಮುಗಿದ ಭಾಗ ಕಸಕ್ಕೇ ಹೋಗಬೇಕು. ಸಾವಿರಾರು ರೂಪಾಯಿಯ ಬೇರಿಂಗ್ ಇನ್ನೂ ಚೆನ್ನಾಗಿದೆಯಲ್ಲ ಎಂದು ಉಳಿಸಿಕೊಳ್ಳುವ ಮನಸ್ಸು ನಮ್ಮ ರಿಪೇರಿ ಅಂಗಡಿಗಳಲ್ಲಿ ಗುಣವಾಗಿ ಬೆಳೆದದ್ದು. ಇಲ್ಲಿ ಅದೇ ಗುಣ ಅಪಾಯ.

ವಿಮಾನದ ಎಂಜಿನ್ ನಿಂತರೂ ರೆಕ್ಕೆ ತನ್ನ ಜಾಗದಲ್ಲಿ ಇರುತ್ತದೆ. ಹೆಲಿಕಾಪ್ಟರಿನಲ್ಲಿ ರೆಕ್ಕೆಯೇ ತಿರುಗುವ ಭಾಗ. ಮುಖ್ಯ ರೋಟರನ್ನು ಹಿಡಿದ ಶಾಫ್ಟು, ಬಾಲದ ರೋಟರಿಗೆ ಶಕ್ತಿ ಒಯ್ಯುವ ಬೆಲ್ಟು ಅಥವಾ ಶಾಫ್ಟು, ಬ್ಲೇಡಿನ ಕೋನ ಬದಲಿಸುವ ಸರಳುಗಳು, ಅವುಗಳ ತುದಿಯ ಪುಟ್ಟ ಬೇರಿಂಗುಗಳು, ಇವುಗಳಲ್ಲಿ ಹೆಚ್ಚಿನವಕ್ಕೆ ಬದಲಿ ವ್ಯವಸ್ಥೆ ಇಲ್ಲ. ಎಕ್ಸೆಕ್ ಮಾದರಿಗಳಲ್ಲಿ ಮುಖ್ಯ ರೋಟರಿಗೆ ಶಕ್ತಿ ಹೋಗುತ್ತಿದ್ದದ್ದು ಚೈನಿನ ಮೂಲಕ, ಬಾಲಕ್ಕೆ ಬೆಲ್ಟುಗಳ ಮೂಲಕ. ಆಮೇಲಿನ ಎ600 ಟ್ಯಾಲನ್ ಮಾದರಿಯಲ್ಲಿ ಚೈನಿನ ಜಾಗಕ್ಕೆ ಹಲ್ಲಿನ ಬೆಲ್ಟು, ಬಾಲಕ್ಕೆ ಶಾಫ್ಟು ಬಂದವು.

ಹಾಗಾಗಿ ಕಿಟ್ ಹೆಲಿಕಾಪ್ಟರಿನವರ ದಿನಚರಿಯಲ್ಲಿ ಟಾರ್ಕ್ ರೆಂಚಿಗೆ ದೊಡ್ಡ ಸ್ಥಾನ. ಬಿಗಿದ ಪ್ರತಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿಡುತ್ತಾರೆ. ನಟ್ಟು ಕೂದಲೆಳೆಯಷ್ಟು ಸರಿದರೂ ಗೆರೆ ಮುರಿದು ಕಾಣುತ್ತದೆ. ಬೋಲ್ಟಿನ ತಲೆಗೆ ತಂತಿ ಪೋಣಿಸಿ, ಸಡಿಲವಾಗುವ ದಿಕ್ಕಿಗೆ ವಿರುದ್ಧವಾಗಿ ಹೆಣೆದು ಕಟ್ಟುತ್ತಾರೆ. ಎರಡು ಬ್ಲೇಡುಗಳೂ ಒಂದೇ ಮಟ್ಟದಲ್ಲಿ ತಿರುಗುತ್ತಿವೆಯೇ ಎಂದು ನೋಡಲು ಹಿಂದೆ ತುದಿಗಳಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಬಳಿದು, ಕೋಲಿಗೆ ಕಟ್ಟಿದ ಬಟ್ಟೆಯನ್ನು ಮೆಲ್ಲಗೆ ತಾಗಿಸಿ ಬಿದ್ದ ಗುರುತು ಅಳೆಯುತ್ತಿದ್ದರು. ಈಗ ಮಿಂಚುದೀಪ, ಕಂಪನ ಅಳೆಯುವ ಉಪಕರಣಗಳಿವೆ. ಕಂಪನವೇ ಈ ಯಂತ್ರದ ದೊಡ್ಡ ಶತ್ರು. ಇವತ್ತು ಸೀಟಿನಲ್ಲಿ ತುಸು ನಡುಕ ಎನಿಸಿದ್ದು ಮುಂದೊಂದು ದಿನ ಬೆಸುಗೆಯ ಬಳಿ ಬಿರುಕಾಗುತ್ತದೆ. ನಡುಕ ಏನು ಹೇಳುತ್ತಿದೆ ಎಂದು ತಿಳಿಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಅನುಭವಿಯ ಪಕ್ಕ ಕೂತು ಕಲಿಯಬೇಕಾದದ್ದು.

ಇನ್ನು ಹಾರುವುದು. ಎಡಗೈಯಲ್ಲಿ ಕಲೆಕ್ಟಿವ್ ಎಂಬ ಸನ್ನೆಕೋಲು, ಅದು ಎಲ್ಲ ಬ್ಲೇಡುಗಳ ಕೋನವನ್ನು ಒಟ್ಟಿಗೆ ಹೆಚ್ಚಿಸಿ ಮೇಲೇರಿಸುತ್ತದೆ. ಬಲಗೈಯಲ್ಲಿ ಸೈಕ್ಲಿಕ್, ಅದು ಒಂದೊಂದು ಸುತ್ತಿನೊಳಗೇ ಕೋನವನ್ನು ಏರಿಳಿಸಿ ರೋಟರನ್ನು ಬೇಕಾದ ಕಡೆಗೆ ವಾಲಿಸುತ್ತದೆ. ತಿರುಗುವ ರೋಟರ್ ಬುಗುರಿಯ ಜಾತಿಗೆ ಸೇರಿದ್ದು: ಒತ್ತಿದ ಜಾಗದಲ್ಲಿ ಬಾಗದೆ ಸುಮಾರು ಕಾಲು ಸುತ್ತು ಮುಂದೆ ಹೋಗಿ ಬಾಗುತ್ತದೆ. ಆ ಲೆಕ್ಕವನ್ನೆಲ್ಲ ಸ್ವಾಷ್‌ಪ್ಲೇಟ್ ಎಂಬ ತಟ್ಟೆ ಮಾಡಿಕೊಡುತ್ತದೆ. ಕಾಲಿನ ಪೆಡಲುಗಳು ಬಾಲದ ರೋಟರಿಗೆ. ಕಲೆಕ್ಟಿವ್ ಎತ್ತಿದರೆ ಎಂಜಿನ್ನಿನ ಮೇಲೆ ಭಾರ ಬಿದ್ದು ದೇಹ ತಿರುಗಲು ಹೊರಡುತ್ತದೆ. ಅದನ್ನು ತಡೆಯಲು ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಯಂತ್ರ ಪಕ್ಕಕ್ಕೆ ಜಾರುತ್ತದೆ, ಅದಕ್ಕೆ ಸೈಕ್ಲಿಕ್ ಸರಿಸಬೇಕು. ಸೈಕ್ಲಿಕ್ ಸರಿಸಿದರೆ ಎತ್ತರ ಇಳಿಯುತ್ತದೆ, ಮತ್ತೆ ಕಲೆಕ್ಟಿವ್. ನೆಲದಿಂದ ಒಂದು ಮೀಟರ್ ಮೇಲೆ ಒಂದೇ ಜಾಗದಲ್ಲಿ ನಿಲ್ಲಿಸುವುದನ್ನು ಕಲಿಯಲು ಹೊಸಬರಿಗೆ ಹಲವು ಗಂಟೆಗಳ ತರಬೇತಿ ಬೇಕು.

ಕಟ್ಟಿ ಮುಗಿಸಿದವನ ಎದುರು ಇಲ್ಲೇ ದೊಡ್ಡ ಆಸೆ ಕಾದಿರುತ್ತದೆ. ಯಂತ್ರ ಅಂಗಳದಲ್ಲಿದೆ, ಕೀಲಿಕೈ ಜೇಬಿನಲ್ಲಿದೆ, ಎರಡು ವರ್ಷದ ಬೆವರು ಅದರಲ್ಲಿದೆ. ನೆಲದಿಂದ ಒಂದಡಿ ಎತ್ತಿ ನೋಡಿದರೆ ಏನಾದೀತು ಎನಿಸುತ್ತದೆ. ಆ ಒಂದಡಿಯಲ್ಲೇ ಸ್ಕಿಡ್ಡು ಎಂಬ ಕಾಲುಗಂಬಿ ಹುಲ್ಲಿಗೋ ಕಲ್ಲಿಗೋ ಸಿಕ್ಕಿಕೊಂಡರೆ ಹೆಲಿಕಾಪ್ಟರ್ ಅದನ್ನೇ ತಿರುಗಣಿಯಾಗಿಸಿಕೊಂಡು ಕ್ಷಣದಲ್ಲಿ ಪಕ್ಕಕ್ಕೆ ಮಗುಚುತ್ತದೆ. ಬ್ಲೇಡು ನೆಲಕ್ಕೆ ಬಡಿದ ಮೇಲೆ ಉಳಿಯುವುದು ಕಡಿಮೆ.

ಅರ್ಜೆಂಟೀನಾದ ಅಗಸ್ಟೊ ಸಿಕಾರೆ ಈ ಘಟ್ಟದ ಅಪಾಯವನ್ನು ಚೆನ್ನಾಗಿ ಅರಿತಿದ್ದ ಮನುಷ್ಯ. ಸಾಲಾಡಿಯೊ ಸೀಮೆಯ ಪುಟ್ಟ ಊರೊಂದರಲ್ಲಿ 1937ರಲ್ಲಿ ಹುಟ್ಟಿ, ಶಾಲೆ ಬಿಟ್ಟು ಮನೆಯ ವರ್ಕ್‌ಷಾಪಿಗೆ ಸೇರಿ, ಇಪ್ಪತ್ತು ದಾಟುವ ಹೊತ್ತಿಗೆ ತನ್ನ ಮೊದಲ ಹೆಲಿಕಾಪ್ಟರನ್ನು ಕಟ್ಟಿದ. 2022ರಲ್ಲಿ ತೀರಿಕೊಳ್ಳುವವರೆಗೆ ಒಂದಾದ ಮೇಲೊಂದು ಮಾದರಿ ಮಾಡುತ್ತಲೇ ಇದ್ದ. ಅವನ ಒಂದು ವಿನ್ಯಾಸವೇ ಇಟಲಿಯ ಟ್ಯೂರಿನ್ ನಗರದ ಹೆಲಿ-ಸ್ಪೋರ್ಟ್ ಕಂಪನಿಯ ಸಿಎಚ್-7 ಆಯಿತು. ಅದರ ಮೈಗೆ ಆಕಾರ ಕೊಟ್ಟವನು ಲ್ಯಾಂಬೋರ್ಗಿನಿ ಕೌಂಟಾಚ್ ಕಾರನ್ನು ರೂಪಿಸಿದ ಮಾರ್ಚೆಲ್ಲೊ ಗಾಂದಿನಿ. ಸಿಕಾರೆಯ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಸಲ್ಲಬೇಕಾದದ್ದು ಮಾತ್ರ ಹೊಳೆಯುವ ಸಿಎಚ್-7 ಅಲ್ಲ, ನೆಲಕ್ಕೆ ಕಟ್ಟಿಹಾಕಿದ ಅವನ ತರಬೇತಿ ಯಂತ್ರ. ನಿಜವಾದ ಹೆಲಿಕಾಪ್ಟರನ್ನೇ ಚಲಿಸುವ ತಳದ ಮೇಲೆ ತೋಳೊಂದರಿಂದ ಹಿಡಿದು ನಿಲ್ಲಿಸಿದ್ದಾನೆ. ಕಲಿಯುವವನು ತುಸು ಮೇಲೇಳಬಹುದು, ವಾಲಬಹುದು, ತಿರುಗಬಹುದು, ಮಗುಚುವಂತಿಲ್ಲ. ಓದು ಅರ್ಧಕ್ಕೆ ನಿಂತ ಒಬ್ಬ ಹಳ್ಳಿ ಮೆಕ್ಯಾನಿಕ್ ತನ್ನಂಥವರ ಜೀವದ ಬಗ್ಗೆ ಇಷ್ಟು ಕಾಳಜಿಯಿಂದ ಯೋಚಿಸಿದ್ದು ಈ ಹವ್ಯಾಸದ ಚರಿತ್ರೆಯಲ್ಲೇ ಅತ್ಯಂತ ಸುಂದರವಾದ ಸಂಗತಿ.

ಮೇಲೆ ಹೋದ ಮೇಲಿನ ಅಪಾಯಗಳು ಬೇರೆ. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂಬ ನಂಬಿಕೆ ತಪ್ಪು. ಪೈಲಟ್ ತಕ್ಷಣ ಕಲೆಕ್ಟಿವ್ ಇಳಿಸಿದರೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಾ ಇರುತ್ತದೆ. ನೆಲದ ಹತ್ತಿರ ಮೂತಿ ಎತ್ತಿ ವೇಗ ಕಳೆದು, ಕೊನೆಗೆ ಉಳಿದ ತಿರುಗುಬಲವನ್ನೆಲ್ಲ ಕಲೆಕ್ಟಿವ್ ಎಳೆದು ಬಳಸಿಕೊಂಡು ಮೆಲ್ಲಗೆ ಇಳಿಯಬಹುದು. ಇದೇ ಆಟೋರೊಟೇಶನ್. 500 ಅಡಿ ಎತ್ತರದಿಂದ ಸಣ್ಣ ಹೆಲಿಕಾಪ್ಟರ್ ಹೀಗೆ ನೆಲ ಸೇರಲು ಸುಮಾರು 20 ಸೆಕೆಂಡು ಸಾಕು. ಆದರೆ 'ತಕ್ಷಣ' ಎಂಬುದಕ್ಕೆ ಇಲ್ಲಿ ಬಹಳ ಕಡಿಮೆ ಅವಧಿ. ಹಗುರ ಬ್ಲೇಡಿನ ಯಂತ್ರಗಳಲ್ಲಿ ಒಂದೆರಡು ಸೆಕೆಂಡಿನೊಳಗೆ ಕಲೆಕ್ಟಿವ್ ಇಳಿಯದಿದ್ದರೆ ರೋಟರಿನ ವೇಗ ಮತ್ತೆ ಚೇತರಿಸಿಕೊಳ್ಳದ ಮಟ್ಟಕ್ಕೆ ಕುಸಿಯುತ್ತದೆ. ಮುಂದೆ ವೇಗವೂ ಇಲ್ಲದೆ, ಸಾಕಷ್ಟು ಎತ್ತರವೂ ಇಲ್ಲದೆ ನೂರಿನ್ನೂರು ಅಡಿಯಲ್ಲಿ ನಿಂತಿರುವಾಗ ಎಂಜಿನ್ ಕೈಕೊಟ್ಟರೆ ಆಟೋರೊಟೇಶನ್ನೂ ಕಾಪಾಡುವುದು ಕಷ್ಟ. ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲಿ ಆ ಅಪಾಯದ ವಲಯವನ್ನು ನಕ್ಷೆಯಾಗಿ ಬರೆದಿರುತ್ತಾರೆ.

ಎರಡು ಬ್ಲೇಡಿನ ರೋಟರಿಗೆ ಇನ್ನೊಂದು ವಿಶೇಷ ಅಪಾಯವಿದೆ. ಸೈಕ್ಲಿಕ್ಕನ್ನು ಒಮ್ಮೆಲೇ ಮುಂದೊತ್ತಿ ದೇಹ ಹಗುರವಾದಂತೆ ಎನಿಸಿದ ಗಳಿಗೆಯಲ್ಲಿ ರೋಟರಿನ ಹಿಡಿತ ತಪ್ಪಿ ಯಂತ್ರ ತಾನಾಗಿ ಪಕ್ಕಕ್ಕೆ ಹೊರಳುತ್ತದೆ. ಹೊರಳಿದ ಕೂಡಲೇ ಎದುರು ದಿಕ್ಕಿಗೆ ಸೈಕ್ಲಿಕ್ ಎಳೆಯುವುದು ವಿಮಾನ ಹಾರಿಸಿದವರಿಗೂ ಸಹಜ. ಹಾಗೆ ಎಳೆದರೆ ಬ್ಲೇಡುಗಳನ್ನು ಹಿಡಿದಿರುವ ರೋಟರಿನ ಹಬ್ ಶಾಫ್ಟಿಗೆ ಬಡಿದು ಶಾಫ್ಟೇ ತುಂಡಾಗಬಹುದು. ಸರಿಯಾದ ದಾರಿ, ಮೊದಲು ಸೈಕ್ಲಿಕ್ ಮೆಲ್ಲಗೆ ಹಿಂದೆ ತಂದು ರೋಟರಿನ ಮೇಲೆ ಭಾರ ಮರಳಿಸುವುದು. ಫ್ರಾಂಕ್ ರಾಬಿನ್‌ಸನ್ ರೂಪಿಸಿದ, 1979ರಲ್ಲಿ ಪ್ರಮಾಣಪತ್ರ ಪಡೆದ ಆರ್22 ಕಾರ್ಖಾನೆಯಲ್ಲೇ ತಯಾರಾಗುವ, ಸಂಪೂರ್ಣ ಪರೀಕ್ಷೆಗೊಳಗಾದ ಯಂತ್ರ. ಅದಕ್ಕೂ ಇಂಥ ಅಪಘಾತಗಳು ಕಾಡಿದವು. 1995ರಲ್ಲಿ ಎಫ್‌ಎಎ ರಾಬಿನ್‌ಸನ್ ಹೆಲಿಕಾಪ್ಟರುಗಳಿಗೆಂದೇ ವಿಶೇಷ ನಿಯಮ ತಂದು, ಈ ತಿಳಿವಳಿಕೆಯ ಪಾಠವಿಲ್ಲದೆ ಯಾರೂ ಹಾರಿಸಬಾರದು ಎಂದಿತು. ಪರೀಕ್ಷೆಯಾದ ಯಂತ್ರಕ್ಕೇ ಇಷ್ಟು ಪಾಠ ಬೇಕಾದರೆ ಗ್ಯಾರೇಜಿನಲ್ಲಿ ಹುಟ್ಟಿದ್ದಕ್ಕೆ ಅದಕ್ಕಿಂತ ಕಡಿಮೆ ಸಾಲುವುದಿಲ್ಲ.

ಅಮೆರಿಕದಲ್ಲೇ ಲೈಸೆನ್ಸ್ ಬೇಡದ ದಾರಿಯೊಂದಿದೆ. 1982ರಿಂದ ಇರುವ 'ಪಾರ್ಟ್ 103' ನಿಯಮದಂತೆ ಒಬ್ಬರೇ ಕೂರುವ, ಖಾಲಿ ತೂಕ 115 ಕಿಲೋ ದಾಟದ, 19 ಲೀಟರಿನಷ್ಟೇ ಇಂಧನ ಹಿಡಿಯುವ ಯಂತ್ರಕ್ಕೆ ಪೈಲಟ್ ಪರವಾನಗಿ ಕೇಳುವುದಿಲ್ಲ. ಕೆನಡಾದ ಜಾನ್ ಅಪ್ಟಿಗ್ರೋವ್ ರೂಪಿಸಿದ 'ಮಸ್ಕಿಟೊ' ಎಂಬ ಪುಟ್ಟ ಹೆಲಿಕಾಪ್ಟರಿನ ಅತಿ ಹಗುರ ಮಾದರಿ ಈ ಮಿತಿಯೊಳಗೆ ಬರುತ್ತದೆ. ಕಂಬಿಗಳ ಚೌಕಟ್ಟು, ಸುಮಾರು 60 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್, ಸುತ್ತ ಬರೀ ಗಾಳಿ. ಅದರ ಎಂಜಿನಿಯರಿಂಗ್ ನಿಜಕ್ಕೂ ಮೆಚ್ಚುವಂಥದ್ದು. ಪರವಾನಗಿ ಬೇಡ ಎನ್ನುವುದನ್ನು ತರಬೇತಿ ಬೇಡ ಎಂದು ಓದಿಕೊಳ್ಳುವುದು ಮಾತ್ರ ಪ್ರಾಣಾಂತಿಕ. ಒಂದೇ ಸೀಟಿನ ಯಂತ್ರದಲ್ಲಿ ಕಲಿಸುವವನು ಕೂರಲು ಜಾಗವೇ ಇಲ್ಲ. ಹಾಗಾಗಿ ಎರಡು ಸೀಟಿನ ಬೇರೆ ಹೆಲಿಕಾಪ್ಟರಿನಲ್ಲಿ ಕಲಿತೇ ಇದಕ್ಕೆ ಬರಬೇಕು.

ಶ್ರಾಮ್ ಕೂಡ ರೋಟರ್‌ವೇ ಬಿಟ್ಟ ಮೇಲೆ ಐಡಾಹೊದಲ್ಲಿ 'ಹೆಲಿಸೈಕಲ್' ಎಂಬ ಒಂದೇ ಸೀಟಿನ ಯಂತ್ರ ಮಾಡಿದ. ಸೈನ್ಯದ ಯಂತ್ರಗಳಿಗೆ ಸಹಾಯಕ ವಿದ್ಯುತ್ ಒದಗಿಸಲು ತಯಾರಾಗಿದ್ದ ಸಣ್ಣ ಟರ್ಬೈನನ್ನು ಅದಕ್ಕೆ ಕೂರಿಸಿದ. ಜೀವನವಿಡೀ ಸಣ್ಣ ಹೆಲಿಕಾಪ್ಟರ್ ಬಿಟ್ಟು ಬೇರೇನನ್ನೂ ಯೋಚಿಸದ ಆ ಮನುಷ್ಯ 2004ರಲ್ಲಿ ಹೆಲಿಸೈಕಲ್ ಅಪಘಾತದಲ್ಲೇ ತೀರಿಕೊಂಡ. ಕಿಟ್ ಹೆಲಿಕಾಪ್ಟರಿನ ಲೋಕದಲ್ಲಿ ಅವನಿಗಿಂತ ಹೆಚ್ಚು ಬಲ್ಲವರು ಬೆರಳೆಣಿಕೆಯಷ್ಟು. ಈ ಸಾವನ್ನು ಹವ್ಯಾಸದ ವಿರುದ್ಧದ ವಾದವಾಗಿ ಬಳಸುವುದು ಸರಿಯಲ್ಲ. ಕಿಟ್ ಕೊಳ್ಳಲು ಹೊರಟವರು ಅದನ್ನು ತಿಳಿಯದೆ ಇರುವುದೂ ಸರಿಯಲ್ಲ.

ಕಲಿಸುವವರಿಲ್ಲದೆ ಕಟ್ಟುವುದರ ಅಪಾಯಕ್ಕೆ ಭಾರತದಲ್ಲಿ ಇನ್ನೂ ನೋವಿನ ಉದಾಹರಣೆ ಇದೆ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಫುಲ್‌ಸಾವಂಗಿ ಗ್ರಾಮದಲ್ಲಿ ವೆಲ್ಡಿಂಗ್ ಕೆಲಸದ 24 ವರ್ಷದ ಯುವಕನೊಬ್ಬ ತಾನೇ ಹೆಲಿಕಾಪ್ಟರ್ ಕಟ್ಟುತ್ತಿದ್ದ. ಅವನ ಬಳಿ ಕಿಟ್ ಇರಲಿಲ್ಲ, ನಕ್ಷೆ ಕೊಟ್ಟ ಕಂಪನಿ ಇರಲಿಲ್ಲ, ತಪಾಸಣೆಗೆ ಬರುವ ಪರಿವೀಕ್ಷಕನೂ ಇರಲಿಲ್ಲ. 2021ರ ಆಗಸ್ಟಿನಲ್ಲಿ ನೆಲದ ಮೇಲೇ ಎಂಜಿನ್ ಓಡಿಸಿ ಪರೀಕ್ಷಿಸುವಾಗ ರೋಟರ್ ಮುರಿದು ತಲೆಗೆ ಬಡಿದು ಅವನು ಸತ್ತ. ಅವನ ಕೈಚಳಕಕ್ಕೂ ಧೈರ್ಯಕ್ಕೂ ಕೊರತೆ ಇರಲಿಲ್ಲ. ತಿರುಗುವ ರೋಟರಿನ ಸಮತಲದಲ್ಲಿ ಯಾರೂ ಇರಬಾರದು, ಬ್ಲೇಡಿನ ಬುಡ ಎಷ್ಟು ಬಲ ತಡೆಯಬೇಕು ಎಂದು ಹೇಳಿಕೊಡುವ ಒಬ್ಬ ಗುರು, ಒಂದು ಸಂಸ್ಥೆ ಅವನಿಗೆ ಸಿಗಬೇಕಿತ್ತು. ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ 1953ರಲ್ಲಿ ಕಟ್ಟಿದ ಎಕ್ಸ್‌ಪರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಮಾಡುವುದು ಇದನ್ನೇ. ಅನುಭವಸ್ಥರು ಷೆಡ್ಡಿಗೇ ಬಂದು ಹೊಸಬರ ಕೆಲಸ ನೋಡಿ ತಪ್ಪು ತಿದ್ದುತ್ತಾರೆ. ಪ್ರತಿ ಬೇಸಿಗೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಓಷ್‌ಕೋಷ್‌ನಲ್ಲಿ ಸಾವಿರಾರು ವಿಮಾನಗಳ ಜಾತ್ರೆಯೇ ನಡೆಯುತ್ತದೆ. ನಮ್ಮಲ್ಲಿ ಆ ವಾತಾವರಣ ಇನ್ನೂ ಬೆಳೆದಿಲ್ಲ. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದರೂ ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ವರ್ಷಗಳ ಓಡಾಟದ ನಂತರ.

ಕರ್ನಾಟಕದ ಮಟ್ಟಿಗೆ ಇದು ಕೊರಗಬೇಕಾದ ವಿಷಯ. ದೇಶದ ಹೆಲಿಕಾಪ್ಟರ್ ವಿದ್ಯೆ ಬೆಳೆದದ್ದೇ ಇಲ್ಲಿ. 1960ರ ದಶಕದಿಂದ ಎಚ್‌ಎಎಲ್ ಬೆಂಗಳೂರಿನಲ್ಲಿ ಚೇತಕ್ ಕಟ್ಟಿತು, ಧ್ರುವ್ 1992ರಲ್ಲಿ ಇಲ್ಲಿಂದಲೇ ಮೊದಲು ಮೇಲೆದ್ದಿತು, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಬ್ಲೇಡಿನ ಸಮತೋಲ, ಲೋಹದ ದಣಿವು, ಕಂಪನ ಇವುಗಳನ್ನು ಬದುಕಿಡೀ ಅಳೆದು ನಿವೃತ್ತರಾದವರು ಬೆಂಗಳೂರಿನ ಬಡಾವಣೆಗಳಲ್ಲೇ ಇದ್ದಾರೆ. ಅವರ ತಿಳಿವಳಿಕೆ ಹಳ್ಳಿಯ ವೆಲ್ಡಿಂಗ್ ಅಂಗಡಿಯ ಹುಡುಗನಿಗೆ ತಲುಪುವ ದಾರಿ ಕಟ್ಟುವುದು ಅಸಾಧ್ಯವಲ್ಲ.

ಬೆಂಗಳೂರಿನ ಹವೆಯೂ ಈ ಲೆಕ್ಕದಲ್ಲಿ ಬರುತ್ತದೆ. ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,900 ಅಡಿಗೂ ತುಸು ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 32 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ತೆಳುವಾಗಿ, ಯಂತ್ರಕ್ಕೆ ಸುಮಾರು 5,600 ಅಡಿ ಎತ್ತರದಲ್ಲಿ ಇದ್ದಂತೆ ಆಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಆ ಗಾಳಿಯಲ್ಲಿ ಸರಿಸುಮಾರು ಆರನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಬ್ಲೇಡಿಗೂ ಹಿಡಿತ ಕಡಿಮೆ. ಜಾಹೀರಾತಿನಲ್ಲಿ 150 ಅಶ್ವಶಕ್ತಿ, ಇಬ್ಬರು ಪ್ರಯಾಣಿಕರು ಎಂದು ಓದಿದ್ದು ಸಮುದ್ರಮಟ್ಟದ ತಂಪು ಗಾಳಿಯ ಲೆಕ್ಕ. ಎಕ್ಸೆಕ್ 162ಎಫ್‌ನ ಖಾಲಿ ತೂಕ ಸುಮಾರು 440 ಕಿಲೋ, ಗರಿಷ್ಠ ತೂಕ 680. ಉಳಿದ 240 ಕಿಲೋದಲ್ಲೇ ಇಬ್ಬರು ಮನುಷ್ಯರು, ಪೂರ್ತಿ ಇಂಧನ, ಮೇಲಿನಿಂದ ಬಿಸಿಲು. ದಖ್ಖನ್ನಿನ ಪ್ರಸ್ಥಭೂಮಿಯಲ್ಲಾಗಲಿ ಅಮೆರಿಕದ ಕೊಲರಾಡೊದಲ್ಲಾಗಲಿ ಇದ್ದವರು ಕೊಳ್ಳುವ ಮೊದಲೇ ತಮ್ಮ ಊರಿನ ಗಾಳಿಗೆ ಈ ಲೆಕ್ಕ ಹಾಕಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ಕಿಟ್‌ನ ಬೆಲೆ ಆರಂಭ ಮಾತ್ರ. ತರಬೇತಿ, ವಿಮೆ, ನಿಲ್ಲಿಸುವ ಜಾಗ, ಆಯಸ್ಸು ಮುಗಿದ ಭಾಗಗಳ ಬದಲಾವಣೆ ಒಂದರ ಹಿಂದೊಂದು ಬರುತ್ತವೆ. ಕಂಪನಿ ಮುಂದೆಯೂ ಇರುತ್ತದೆಯೇ ಎಂಬುದೂ ಸಣ್ಣ ಪ್ರಶ್ನೆಯಲ್ಲ. ರೋಟರ್‌ವೇ ಒಂದಕ್ಕಿಂತ ಹೆಚ್ಚು ಬಾರಿ ಕೈ ಬದಲಿಸಿದ ಕಂಪನಿ. ಬ್ಲೇಡು ತಯಾರಿಸುವವರೇ ಬಾಗಿಲು ಮುಚ್ಚಿದರೆ ಷೆಡ್ಡಿನಲ್ಲಿರುವ ಯಂತ್ರ ನೋಡುವುದಕ್ಕಷ್ಟೇ ಉಳಿಯುತ್ತದೆ. ಈ ದೃಷ್ಟಿಯಿಂದ ಹಳೆಯ ಬೆಲ್ 47 ಹೋಲುವ 'ಸಫಾರಿ'ಯಂಥ ಕಿಟ್‌ಗೆ ಒಂದು ಅನುಕೂಲ: ಅದರಲ್ಲಿರುವುದು ಸಣ್ಣ ವಿಮಾನಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್. ಅದನ್ನು ಬಲ್ಲ ಮೆಕ್ಯಾನಿಕ್, ಅದರ ಬಿಡಿಭಾಗ ಬಹಳ ಕಡೆ ಸಿಗುತ್ತವೆ.

ಹಾಗಾದರೆ ಕಟ್ಟಬೇಕೆ? ಮನಸ್ಸು ಮಾಡಿದವರಿಗೆ ಒಂದು ಕ್ರಮವಿದೆ. ಪೆಟ್ಟಿಗೆಗೆ ಮುಂಗಡ ಕೊಡುವ ಮೊದಲು ಶಾಲೆಯೊಂದರಲ್ಲಿ ಹೆಲಿಕಾಪ್ಟರ್ ಹಾರಲು ಕಲಿಯುವುದು. ಖಾಸಗಿ ಪೈಲಟ್ ಪರವಾನಗಿಗೆ ಅಮೆರಿಕದಲ್ಲಿ ಕನಿಷ್ಠ 40 ಗಂಟೆಯ ಹಾರಾಟ ಬೇಕು, ಬಹುತೇಕರಿಗೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಆ ಗಂಟೆಗಳಲ್ಲಿ ಕೆಲವರಿಗೆ ಇದು ತಮಗಲ್ಲ ಎಂದು ಗೊತ್ತಾಗುತ್ತದೆ, ಅವರ ಲಕ್ಷಾಂತರ ರೂಪಾಯಿ ಉಳಿಯುತ್ತದೆ. ಉಳಿದವರು ಅದೇ ಮಾದರಿ ಕಟ್ಟಿ ಹಾರಿಸುತ್ತಿರುವ ಒಬ್ಬರನ್ನು ಹುಡುಕಿ, ಅವರ ಯಂತ್ರದಲ್ಲಿ ಕೂತು, ಅವರ ದಾಖಲೆ ಪುಸ್ತಕವನ್ನು ಓದಬೇಕು. ಯಾವ ಭಾಗ ಎಷ್ಟು ಗಂಟೆಗೆ ಸವೆಯಿತು, ಎಲ್ಲಿ ಬಿರುಕು ಕಂಡಿತು, ಯಾವ ಬೋಲ್ಟು ಮತ್ತೆ ಮತ್ತೆ ಸಡಿಲವಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಕಂಪನಿಯ ಯಾವ ಪುಸ್ತಿಕೆಯೂ ಇಷ್ಟು ಹೇಳುವುದಿಲ್ಲ.

ಕಟ್ಟಿ ಮುಗಿದು ಪರಿವೀಕ್ಷಣೆ ದಾಟಿದ ಮೇಲೂ ಎಫ್‌ಎಎ ಹೆಲಿಕಾಪ್ಟರಿಗೆ ಸಾಮಾನ್ಯವಾಗಿ 40 ಗಂಟೆಯ ಪರೀಕ್ಷಾ ಹಾರಾಟ ವಿಧಿಸುತ್ತದೆ. ಜನವಸತಿ ಇಲ್ಲದ ಗೊತ್ತುಮಾಡಿದ ಪ್ರದೇಶದೊಳಗೇ ಹಾರಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಬಲ್ಲವರು ಈ ಹಂತದ ಮೊದಲ ಹಾರಾಟಗಳನ್ನು ಅದೇ ಮಾದರಿಯಲ್ಲಿ ಪಳಗಿದ ಪೈಲಟ್‌ಗೆ ಒಪ್ಪಿಸುತ್ತಾರೆ. ಅವನು ರೋಟರಿನ ಸಮತೋಲ ಸರಿಪಡಿಸಿ, ಆಟೋರೊಟೇಶನ್‌ನಲ್ಲಿ ರೋಟರ್ ಎಷ್ಟು ವೇಗ ಹಿಡಿಯುತ್ತದೆಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಕಟ್ಟಿದವರು ಬಲಗೈಗೆ ಸೈಕ್ಲಿಕ್ ತೆಗೆದುಕೊಳ್ಳುತ್ತಾರೆ.